ನೈಟ್ರೋಜನ್ ಕ್ಯಾನಿನಲ್ಲಿ ಇಟ್ಟ ಪೆಪ್ಟೈಡ್

ಫ್ರಿಜ್ಜಿನ ಬಾಗಿಲು ತೆಗೆದಾಗ ಮುಖಕ್ಕೆ ತಂಪು ಬಡಿಯಲಿಲ್ಲ. ಅಷ್ಟಕ್ಕೇ ನನಗೆ ತಿಳಿದುಹೋಯಿತು. ಸೇಡಮ್ಮಿನ ಏಪ್ರಿಲ್ ತಿಂಗಳು, ಶನಿವಾರ ಹೋದ ಕರೆಂಟು ಸೋಮವಾರ ಬೆಳಿಗ್ಗೆ ಬಂದಿತ್ತು. ಮೇಲಿನ ಖಾನೆಯ ಬರ್ಫ ಕರಗಿ, ಟ್ರೇ ತುಂಬಿ, ಕೆಳಗಿನ ಶಹಾಬಾದಿ ಫರಸಿಯ ಮೇಲೆ ಹರಿದು ಒಣಗಿದ ಗುರುತಿತ್ತು. ನಾನು ಗುರುವಾರ ಕಲಸಿಟ್ಟಿದ್ದ ಪೆಪ್ಟೈಡ್ ದ್ರಾವಣದ ಪ್ಲಾಸ್ಟಿಕ್ ಸೀಸೆ ಟ್ರೇಯ ನೀರಲ್ಲಿ ಅಡ್ಡ ಬಿದ್ದು ತೇಲುತ್ತಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿಯಾಗಿ ಇರಬೇಕಾದದ್ದು ಮಬ್ಬಾಗಿತ್ತು, ಅಕ್ಕಿ ತೊಳೆದ ಮೂರನೇ ನೀರಿನ ಹಾಗೆ.

ಅದರ ಪಕ್ಕದಲ್ಲೇ ಇನ್ನೊಂದು ಸೀಸೆ ಇತ್ತು. ಗಾಜಿನದು, ಕಿರುಬೆರಳಿನಷ್ಟು. ಅದರೊಳಗಿನ ಪೆಪ್ಟೈಡಿಗೆ ನೀರು ಹಾಕಿರಲಿಲ್ಲ, ಒಣ ಪುಡಿಯಾಗಿಯೇ ಇತ್ತು. ಒಣದ್ದು ಎರಡು ದಿನದ ಸೆಕೆಗೆ ಅಷ್ಟು ಬೇಗ ಕೆಡುವುದಿಲ್ಲ. ನನಗೆ ಉಳಿದದ್ದು ಅದೊಂದೇ.

ಈ ಕೆಲಸ ಏನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯವರಿಗೆ ಹೇಳಿದ ಹಾಗೆಯೇ. ಕರೆಂಟು ಹರಿಯುವಂಥ ಪ್ಲಾಸ್ಟಿಕ್ಕುಗಳಿವೆ. ಪಾಲಿಪಿರೋಲ್ ಅಂಥದ್ದೊಂದು. ಕಪ್ಪು ಬಣ್ಣದ್ದು, ತೆಳ್ಳಗೆ ಪೊರೆಯ ಹಾಗೆ ಬೆಳೆಸಬಹುದು. ಕಡಿದುಹೋದ ನರದ ಹತ್ತಿರ, ಕೆಲಸ ಬಿಟ್ಟ ಕಿವಿಯ ಒಳಗೆ, ಇಂಥ ಕಡೆ ಲೋಹದ ತಂತಿಯ ಬದಲು ಇದನ್ನು ಇಡಲು ಬಂದರೆ ಭಾಳ ಅನುಕೂಲ. ಆದರೆ ಜೀವಕೋಶಗಳಿಗೆ ಇದರ ಗುರುತಿಲ್ಲ. ಮೇಲೆ ಬಿಟ್ಟರೆ ಮೈ ಮುದುಡಿಕೊಂಡು ಗುಂಡಗಾಗುತ್ತವೆ, ಆಮೇಲೆ ತೇಲಿ ಹೋಗುತ್ತವೆ. ಪೆಪ್ಟೈಡ್ ಅಂದರೆ ಪ್ರೋಟೀನಿನ ಒಂದು ಚಿಕ್ಕ ತುಂಡು. ನಮ್ಮದರ ಒಂದು ತುದಿ ಪಾಲಿಪಿರೋಲಿಗೆ ಅಂಟುವಂಥದ್ದು, ಇನ್ನೊಂದು ತುದಿ ಜೀವಕೋಶಕ್ಕೆ ಪರಿಚಯ ಇರುವಂಥದ್ದು. ಗೊತ್ತಿಲ್ಲದ ಊರಲ್ಲಿ ಬಾಡಿಗೆ ಮನೆ ಕೇಳಿದರೆ ಯಾರೂ ಕೊಡುವುದಿಲ್ಲ. ಆ ಊರಿನವರೊಬ್ಬರು ಜೊತೆಗೆ ಬಂದು "ಇವರು ನಮ್ಮವರೇರಿ" ಅಂದರೆ ಬಾಗಿಲು ತೆಗೆಯುತ್ತಾರೆ. ಅಷ್ಟೇ ಇದರ ಕೆಲಸ.

ನಾನು ಸೇಡಮ್ಮಿನ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಹಳೆಯ ಸ್ಟೋರ್ ರೂಮಿನಲ್ಲಿ ಈ ಪೊರೆ ಬೆಳೆಸುತ್ತಿದ್ದೆ. ಪೆಪ್ಟೈಡ್ ಸವರಿ ಅದನ್ನು ರೈಲಿನಲ್ಲಿ ಹೈದರಾಬಾದಿಗೆ ಒಯ್ಯುವುದು. ಅಲ್ಲಿ ನನ್ನ ಗೈಡ್ ಮೇಡಮ್ಮಿನ ಲ್ಯಾಬಿನಲ್ಲಿ ಇಲಿಯ ನರಕೋಶಗಳನ್ನು ಅದರ ಮೇಲೆ ಬಿಟ್ಟು ನೋಡುವುದು. ಮೇಡಂ ಬೀದರ ಕಡೆಯವರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ನನಗೆ ಅಕ್ಕ ಅನ್ನುತ್ತಿದ್ದರು, ನಾನು ಅವರಿಗೆ ಮೇಡಂ ಅನ್ನುತ್ತಿದ್ದೆ. ಚಳಿಗಾಲದಲ್ಲಿ ಒಮ್ಮೆ ಒಯ್ದಾಗ ಪೊರೆ ದಾರಿಯಲ್ಲೇ ಒಣಗಿ ಸೀಳಿತ್ತು, ಕೋಶ ಒಂದೂ ನಿಂತಿರಲಿಲ್ಲ. ಪೆಪ್ಟೈಡ್ ಮಾಡಿಕೊಟ್ಟಿದ್ದವರು ಅವರ ಪಕ್ಕದ ಲ್ಯಾಬಿನವರು, ಬರೀ ವಿಶ್ವಾಸದ ಮೇಲೆ. ಅವರು ಈಗ ಬೇರೆ ದೇಶಕ್ಕೆ ಹೋಗಿದ್ದರು, ಅವರ ಯಂತ್ರಕ್ಕೆ ಬೀಗ ಬಿದ್ದಿತ್ತು. ನನ್ನ ಪಿಎಚ್‌ಡಿ ನೋಂದಣಿ ಆ ಮಳೆಗಾಲಕ್ಕೆ ಮುಗಿಯುವುದಿತ್ತು. ಹೈದರಾಬಾದಿನವರು ಕೋಶ ಬೆಳೆಸುವ ಕೋಣೆಯನ್ನು ಜುಲೈಯಲ್ಲಿ ಒಂದು ವಾರ ನಮಗೆ ಕೊಡುತ್ತೇವೆ ಅಂದಿದ್ದರು. ಆ ಒಂದು ಸೀಸೆ, ಆ ಒಂದು ವಾರ. ಕೋಶ ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ.

ಜುಲೈ ತನಕ ಸೀಸೆಯನ್ನು ತಣ್ಣಗೆ ಇಡುವುದೆಲ್ಲಿ? ಮಳಖೇಡದ ನಮ್ಮ ಮನೆಯ ಫ್ರಿಜ್ಜಿಗೂ ಅದೇ ಕರೆಂಟು. ಬರ್ಫ ಸಿಗುತ್ತದೇನೋ ಎಂದು ಕಾಲೇಜಿನ ಹಿಂದಿನ ಪಶು ಆಸ್ಪತ್ರೆಗೆ ಹೋದೆ. ಲಸಿಕೆ ಇಡಲು ಅವರು ಬರ್ಫ ತರಿಸುತ್ತಿದ್ದರು. ಅಲ್ಲಿಯ ಡಾಕ್ಟರು ನಮ್ಮ ಮನೆಯ ಆಕಳಿನ ಸಲುವಾಗಿ ಮೊದಲಿಂದಲೂ ಪರಿಚಯ. ಚಿಂಚೋಳಿ ಕಡೆಯವರು, ದೊಡ್ಡ ದನಿ, ಯಾರು ಬಂದರೂ ಛಾ ಕುಡಿಸದೆ ಕಳಿಸಿದವರಲ್ಲ.

"ಬರ್ಫ ತಗೊಂಡು ಏನ್ ಮಾಡ್ತೀರಿ ಅಕ್ಕೋರೆ? ಸಂಜಿತನ ನೀರಾಗತದ," ಅಂದರು. "ನಮ್ಮ ಕ್ಯಾನ್ ಅದಲ್ರಿ."

"ಯಾವ ಕ್ಯಾನ್ ಡಾಕ್ಟ್ರೇ?"

ಮೂಲೆಯಲ್ಲಿ ಹಾಲಿನ ಕ್ಯಾನಿನ ಹಾಗೆ ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡದಾದ ಅಲ್ಯೂಮಿನಿಯಂ ಪಾತ್ರೆ ಇತ್ತು. ಮುಚ್ಚಳ ಎತ್ತಿದರು. ಬೆಳ್ಳಗೆ ಹೊಗೆ ಉಕ್ಕಿ ನೆಲಕ್ಕಿಳಿಯಿತು. ದ್ರವ ನೈಟ್ರೋಜನ್. ಹಳ್ಳಿಯ ಆಕಳುಗಳಿಗೆ ಹಾಕುವ ಹೋರಿ ಬೀಜದ ಸಣ್ಣ ಸಣ್ಣ ನಳಿಗೆಗಳನ್ನು ಅದರಲ್ಲಿ ಮುಳುಗಿಸಿ ಇಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ.

"ಇದಕ್ಕ ಲೋಡ್ ಶೆಡ್ಡಿಂಗ್ ಇಲ್ಲ, ಫ್ಯೂಜ್ ಇಲ್ಲ, ಸುಟ್ಟುಹೋಗೋ ಮೋಟರ್ ಇಲ್ಲ. ಇಡ್ರಿ ನಿಮ್ಮ ಸೀಸಿ."

"ಒಳಗ ಯಾರ್ಯಾರು ಅದಾರ್ರಿ?"

"ಜರ್ಸಿ, ಎಚ್‌ಎಫ್, ದೇವಣಿ ತಳಿ ಹೋರಿಗೋಳು. ಎಲ್ಲಾ ಖಾನದಾನಿ ಮಂದಿ. ನಿಮ್ಮ ಸೀಸಿಗೆ ಸಂಗತಿ ಛಲೋ ಸಿಗ್ತದ, ಫಿಕರ್ ಮಾಡಬ್ಯಾಡ್ರಿ."

ನಾನು ಒಂದೇ ಮಾತು ಒತ್ತಿ ಹೇಳಿದೆ: ಸೀಸೆ ದ್ರವದಲ್ಲಿ ಮುಳುಗಬಾರದು, ಮೇಲಿನ ಹೊಗೆಯಲ್ಲೇ ತೂಗಬೇಕು. ಗಾಜಿನ ಸೀಸೆಯ ತಿರುಪು ಮುಚ್ಚಳ ಎಷ್ಟೇ ಬಿಗಿ ಇದ್ದರೂ ಆ ಚಳಿಗೆ ಸ್ವಲ್ಪ ಕುಗ್ಗುತ್ತದೆ. ದ್ರವ ಒಳಗೆ ಇಳಿದರೆ ಹೊರಗೆ ತೆಗೆದಾಗ ಕುದ್ದು ಹಿಗ್ಗಿ ಸೀಸೆ ಒಡೆಯುತ್ತದೆ. ಡಾಕ್ಟರು ಗಜದ ಕಡ್ಡಿ ಇಳಿಸಿ ಮಟ್ಟ ನೋಡಿದರು. ಅರ್ಧಕ್ಕಿಂತ ಕೆಳಗಿತ್ತು. "ಕಲಬುರ್ಗಿಯಿಂದ ನೈಟ್ರೋಜನ್ ತರೋ ಗಾಡಿಯವ್ರು ಎಂದೂ ಅರ್ಧದ ಮ್ಯಾಲ ಹಾಕಂಗಿಲ್ರಿ. ನೀವು ಆರಾಮ ಇರ್ರಿ," ಅಂದರು. ಸೀಸೆಯ ಕುತ್ತಿಗೆಗೆ ದಾರ ಕಟ್ಟಿ, ಕ್ಯಾನಿನ ಬಾಯಿಂದ ಗೇಣುದ್ದ ಇಳಿಬಿಟ್ಟು, ತುದಿಯನ್ನು ಹೊರಗಿನ ಹಿಡಿಕೆಗೆ ಗಂಟು ಹಾಕಿದೆವು.

ಸ್ಟಾಫ್ ರೂಮಿನಲ್ಲಿ ಇದು ಅದೇ ದಿನ ಗೊತ್ತಾಯಿತು. ಫಿಜಿಕ್ಸಿನವರು, "ಮೇಡಂ, ನಿಮ್ಮ ಪಿಎಚ್‌ಡಿ ಗಬ್ಬ ನಿಂತ್ರ ಗಿಣ್ಣದ ಹಾಲು ನಮಗೂ ಕೊಡ್ರಿ," ಅಂದರು. ಮನೆಯಲ್ಲಿ ನಮ್ಮ ಅತ್ತೆಯವರು ಎಲ್ಲ ಕೇಳಿಸಿಕೊಂಡು, "ಅಲ್ಲಿ ಹೋದ ದಿನ ಹಿತ್ತಲ ಬಾಗಿಲಿಂದ ಬಾ, ಮೊದಲ ಸ್ನಾನ," ಎಂದಷ್ಟೇ ಹೇಳಿದರು.

ಮೇ, ಜೂನ್ ಪೊರೆ ಕಲಿಯುವುದರಲ್ಲಿ ಹೋದವು. ಪಿರೋಲ್ ಅನ್ನುವ ದ್ರವ ಹಳೆಯದಾದರೆ ಛಾದ ಬಣ್ಣಕ್ಕೆ ತಿರುಗುತ್ತದೆ. ಪ್ರತಿ ಸಲ ಅದನ್ನು ಬಟ್ಟಿ ಇಳಿಸಿ ನೀರಿನ ಹಾಗೆ ಮಾಡಿಕೊಳ್ಳಬೇಕು. ಉಪ್ಪಿನ ದ್ರಾವಣದಲ್ಲಿ ಅದನ್ನು ಬೆರೆಸಿ, ವಿದ್ಯುತ್ ಹರಿಯುವ ಲೇಪನದ ಗಾಜಿನ ಪಟ್ಟಿಯೊಂದನ್ನು ಇಳಿಬಿಟ್ಟು ಸಣ್ಣ ಕರೆಂಟು ಕೊಟ್ಟರೆ, ಗಾಜಿನ ಮೇಲೆ ಕಪ್ಪು ನಿಧಾನವಾಗಿ ಏರುತ್ತದೆ. ದಪ್ಪ ಆಗಕೂಡದು, ಮೈಕ್ರೋಸ್ಕೋಪಿನ ಬೆಳಕು ತೂರಿ ಹೋಗಬೇಕು. ಮಸಿ ಹಿಡಿದ ಕಂದೀಲಿನ ಗಾಜಿನಷ್ಟು ಕಪ್ಪಾದರೆ ಸಾಕು. ನಡುವೆ ಕರೆಂಟು ಹೋದರೆ ಪೊರೆಯಲ್ಲಿ ಒಂದು ಗೆರೆ ಬೀಳುತ್ತಿತ್ತು, ಅರ್ಧ ಹುಯ್ದ ದೋಸೆಯ ಮೇಲೆ ಮತ್ತೆ ಹಿಟ್ಟು ಹುಯ್ದ ಹಾಗೆ. ಎಷ್ಟೋ ಪಟ್ಟಿ ಹಾಗೆ ಹೋದ ಮೇಲೆ ನಮ್ಮ ಮನೆಯವರು ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ತಂದುಕೊಟ್ಟರು. ಅವರು ಮಳಖೇಡದ ಸಿಮೆಂಟ್ ಫ್ಯಾಕ್ಟರಿಯ ಪರೀಕ್ಷಾ ವಿಭಾಗದಲ್ಲಿ ಕೆಲಸಕ್ಕಿದ್ದರು. ಬ್ಯಾಟರಿ ಬಂದ ಮೇಲೆ ಗೆರೆ ನಿಂತಿತು. ಆದರೆ ಸಿಮೆಂಟಿನ ದೂಳು ನಿಲ್ಲಲಿಲ್ಲ. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ, ಪೊರೆಯ ಪಾತ್ರೆಗೆ ಗಾಜಿನ ಮುಚ್ಚಳ ಹಾಕಿ, ನಾನೇ ಸೆರಗು ಬಿಗಿದುಕೊಂಡು ಒಳಗೆ ಹೋಗುತ್ತಿದ್ದೆ. ಕೊನೆಗೆ ಕೈಗೆ ಒಂದು ಹದ ಬಂತು. ಒಂದೇ ಸಮನೆ, ನುಣ್ಣಗೆ, ಉಗುರು ತಾಗಿಸಿದರೂ ಏಳದಂಥ ಪೊರೆಗಳು. ಆ ಹದದ ದಿನಗಳಲ್ಲಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು.

ಜುಲೈಯಲ್ಲಿ ಗೈಡ್ ಮೇಡಂ ಫೋನ್ ಮಾಡಿದರು. "ಅಕ್ಕ, ಮಂಗಳವಾರ ಕೋಶ ರೆಡಿ ಇರ್ತಾವ. ನೀವು ಸೋಮವಾರ ಇಲ್ಲಿ ಇರಬೇಕು. ಈ ವಾರ ಬಿಟ್ರ ಕೋಣಿ ಬ್ಯಾರೇದವ್ರಿಗೆ ಕೊಟ್ಟಾರ."

ಶನಿವಾರ ಸೀಸೆ ತರಲು ಹೋದೆ. ಪಶು ಆಸ್ಪತ್ರೆಯ ಮೂಲೆಯಲ್ಲಿ ಕ್ಯಾನ್ ಇರಲಿಲ್ಲ. ಕ್ಯಾನ್ ಇದ್ದ ಜಾಗದಲ್ಲಿ ಫರಸಿಯ ಮೇಲೆ ಒಂದು ದುಂಡನೆಯ ಗುರುತು.

"ಸಾಹೇಬ್ರು ಕೊಡ್ಲಿ ಊರಿಗೆ ಹೋಗ್ಯಾರ್ರಿ, ದನದ ಕ್ಯಾಂಪ್ ಅದ," ಅಂದ ಕಂಪೌಂಡರ್. "ಕ್ಯಾನೂ ಒಯ್ದಾರ. ಬರ್ರಿ, ಕುಂದ್ರಿ."

ಹೊರಗೆ ಮಳೆ ಜಿಟಿಜಿಟಿ ಹಿಡಿದಿತ್ತು. ಬೆಂಚಿನ ಮೇಲೆ ಕುಂತೆ. ಎಮ್ಮೆಯೊಂದನ್ನು ಹಿಡಿದುಕೊಂಡು ಬಂದ ಹೆಣ್ಣುಮಗಳೂ ನನ್ನ ಪಕ್ಕ ಕುಂತಳು. ನಿಮ್ಮದೇನು ತಂದೀರಿ ಅಂತ ಕೇಳಿದಳು. ಏನೂ ತಂದಿಲ್ಲ, ಒಯ್ಯಲಿಕ್ಕೆ ಬಂದೀನಿ ಅಂದೆ. ಚಿಂಚೋಳಿ ರಸ್ತೆಯ ತಗ್ಗುಗಳಲ್ಲಿ ಮೋಟರ್‌ಸೈಕಲಿನ ಹಿಂದೆ ಕಟ್ಟಿದ ಕ್ಯಾನು ಹೇಗೆ ಕುಲುಕಾಡುತ್ತಿರಬಹುದು ಎನ್ನುವುದನ್ನು ಬಿಟ್ಟು ಬೇರೆ ಯಾವುದನ್ನಾದರೂ ಯೋಚಿಸಲು ಪ್ರಯತ್ನ ಮಾಡಿದೆ.

ಡಾಕ್ಟರು ತೊಯ್ದು ತಪ್ಪಡಿಯಾಗಿ ಬಂದರು. ನನ್ನನ್ನು ನೋಡಿದ್ದೇ ತಡ ಮುಖ ಅರಳಿತು.

"ಅಕ್ಕೋರೆ, ನಿಮ್ಮ ಸೀಸಿ ಎಷ್ಟು ಜ್ವಾಕಿ ಮಾಡೀನಿ ಕೇಳ್ರಿ. ಗಾಡಿಯವ್ನ ಕೂಡ ಜಗಳಾಡೀನಿ. ನಮ್ಮ ಕ್ಯಾನ್‌ನ್ಯಾಗ ಅಕ್ಕೋರ ಸಾಮಾನದ, ಅರ್ಧ ಮರ್ಧ ನಡಿಯಂಗಿಲ್ಲ ಅಂದೆ. ಈ ಸಲ ಪೂರ್ತಿ ಕಂಠಮಟ ತುಂಬಿಸೀನಿ!"

ನಮ್ಮ ಕಡೆ ಮನೆಗೆ ಬಂದವರ ತಾಟಿನಲ್ಲಿ ಏನೂ ಅರ್ಧ ಇರಕೂಡದು. ಡಾಕ್ಟರು ಅದನ್ನೇ ಮಾಡಿದ್ದರು. ಅವರು ಹಿಡಿಕೆಯ ಗಂಟು ಬಿಚ್ಚಿ ದಾರ ಎಳೆದರು. ಸೀಸೆ ಮೇಲೆ ಬಂತು. ಹೊರಗೆಲ್ಲ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಕರವಸ್ತ್ರದಿಂದ ಒರೆಸಿದರೆ ಒಳಗೆ ನೀರಿನಂಥದ್ದು ಅರ್ಧಕ್ಕೆ ಅಲುಗಾಡುತ್ತಿತ್ತು. ಪುಡಿ ಅದರಡಿಗೆ.

"ತುಂಬಿದ್ರ ಒಳ್ಳೇದಲ್ರಿ?" ಅಂದರು. ನನ್ನ ಮುಖ ನೋಡಿ ಅವರ ದನಿ ಇಳಿಯಿತು.

ಮತ್ತೆ ಒಳಗೆ ಬಿಟ್ಟರೆ ಇಂದಿನ ಕಷ್ಟ ನಾಳೆಗೆ ಹೋಗುತ್ತದೆ ಅಷ್ಟೇ. ಹೊರಗೆ ಇಟ್ಟರೆ ಒಳಗಿನ ದ್ರವ ಕುದ್ದು ಸೀಸೆ ಒಡೆಯುತ್ತದೆ. ಒಂದೇ ದಾರಿ, ಮುಚ್ಚಳ ಕಾಲು ಸುತ್ತು ಸಡಿಲ ಮಾಡಿ ಗಾಳಿಗೆ ಹಾದಿ ಬಿಡುವುದು. ಸೀಸೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಮುಖ ಆ ಕಡೆ ತಿರುಗಿಸಿಕೊಂಡು ತಿರುವಿದೆ. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಬೆರಳು ಸೆಟೆದವು. ಇನ್ನೊಮ್ಮೆ ತಿರುವಿದೆ. ಸಣ್ಣಗೆ ಸುಂಯ್ ಅನ್ನುವ ಸಪ್ಪಳ ಶುರುವಾಯಿತು. ಬಂತು ಅಂದುಕೊಂಡೆ. ಅಷ್ಟರಲ್ಲಿ ಟಪ್ ಎಂದು ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಸೀಸೆಯ ಕುತ್ತಿಗೆ ಸೀಳಿತು. ಟವೆಲಿನ ಬಾಯಿಂದ ಬಿಳಿ ಪುಡಿಯ ಒಂದು ಉಸಿರು ಮೇಲೆದ್ದು ಗಾಳಿಯಲ್ಲಿ ಕಾಣದಾಯಿತು.

ಹೊರಗೆ ಎಮ್ಮೆ ಒಮ್ಮೆ ಕೂಗಿತು.

"ಕೈಗೆ ಏನರ ಆತೇನ್ರಿ ಅಕ್ಕೋರೆ?" ಡಾಕ್ಟರು ಕೇಳಿದರು.

"ಏನಾಗಿಲ್ರಿ."

ಟವೆಲು ಬಿಚ್ಚಿದೆ. ಸೀಸೆಯ ಬುಡ ಇಡಿಯಾಗಿ ಉಳಿದಿತ್ತು. ಅದರ ತಳದಲ್ಲಿ, ವೀಳ್ಯದೆಲೆಗೆ ಸವರಿದ ಸುಣ್ಣದಷ್ಟು ಒಂದು ಬಿಳಿ ಲೇಪ. ಅದರ ಮೇಲೆ ಚೊಕ್ಕ ಫಾಯಿಲ್ ಮುಚ್ಚಿ, ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಡಾಕ್ಟರು ಬಸ್ ನಿಲ್ದಾಣದ ತನಕ ಕೊಡೆ ಹಿಡಿದು ಬಂದರು. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, "ನಾ ತುಂಬಿಸಬಾರದಿತ್ತರಿ," ಅಂದರು.

ಮನೆಯಲ್ಲಿ ನಮ್ಮ ಮನೆಯವರಿಗೆ ರೊಟ್ಟಿ ಬಡಿಸುತ್ತ ಎಲ್ಲ ಹೇಳಿದೆ.

"ಎಷ್ಟ ಉಳದದ?"

"ತೂಗಲಿಕ್ಕೆ ಬರಲಾರದಷ್ಟು."

"ಅದು ಒಡದ ಸೀಸಿ. ನಮ್ಮಲ್ಲಿ ನೆಲಕ್ಕ ಬಿದ್ದ ಸ್ಯಾಂಪಲ್ ಯಾರೂ ಟೆಸ್ಟಿಗೆ ಹಾಕಂಗಿಲ್ಲ. ಉತ್ತರ ಬರೋಬರಿ ಬಂದ್ರೂ ಚೆಲ್ತೀವಿ."

"ನಿಮಗ ಇನ್ನೊಂದು ಚೀಲ ಸಿಮೆಂಟ್ ಸಿಗ್ತದ."

ಅವರು ರೊಟ್ಟಿಯ ತುಂಡಿಗೆ ಪಲ್ಯ ಹಚ್ಚಿಕೊಂಡರು. ಆಮೇಲೆ, "ಹಂಗಾದ್ರ ಹೋಗು," ಅಂದರು. "ಹೋಗಲಿಲ್ಲಂದ್ರ ನೀ ಸುಮ್ಮ ಕುಂದ್ರೋಳಲ್ಲ."

ಮೂರು ಪಟ್ಟಿಗೆ ಸವರಿ, ಮೂರನ್ನು ಹಾಗೇ ಬಿಟ್ಟು ಹೋಲಿಸುವುದು ನಮ್ಮ ಮೊದಲಿನ ಯೋಜನೆ. ಈಗ ಇದ್ದದ್ದು ಒಂದು ಪಟ್ಟಿಗೂ ಸಾಲುವಷ್ಟಿಲ್ಲ. ಭಾನುವಾರ ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ತೆಗೆದಾಗ ನಿರ್ಧಾರ ಮಾಡಿದೆ: ಒಂದೇ ಪಟ್ಟಿ, ಅರ್ಧಕ್ಕೆ ಮಾತ್ರ ಸವರುವುದು. ಒಂದೇ ಗಾಜು, ಒಂದೇ ಸಲ ಬೆಳೆದ ಪೊರೆ, ಒಂದೇ ಪ್ರಯಾಣ. ಕೆಳಗಿನ ಅರ್ಧಕ್ಕೆ ಪೆಪ್ಟೈಡ್, ಮೇಲಿನದಕ್ಕೆ ಇಲ್ಲ. ಆಗ ಕನಿಷ್ಠ ಹೋಲಿಸಲಿಕ್ಕಾದರೂ ಬರುತ್ತದೆ. ವಜ್ರದ ಮೊನೆಯಿಂದ ನಡುವೆ ಸಣ್ಣ ಗೆರೆ ಕೊರೆದೆ. ಸೀಸೆಯ ಬುಡಕ್ಕೆ ಬಫರ್ ಅನ್ನುವ ಉಪ್ಪುನೀರನ್ನು ಹನಿ ಹನಿ ಬಿಟ್ಟು ಬಿಳಿಯ ಲೇಪವನ್ನು ಕರಗಿಸಿ, ಗಾಜಿನ ಚೂರು ಇರದ ಹಾಗೆ ಸೋಸಿ, ಸಪೂರ ನಳಿಗೆಗೆ ಹಾಕಿ, ಪಟ್ಟಿಯನ್ನು ಅದರಲ್ಲಿ ಗೆರೆಯ ತನಕ ಮುಳುಗಿಸಿ ನಿಲ್ಲಿಸಿದೆ. ಎರಡು ತಾಸು. ಅಲ್ಲಿಂದ ಏಳದೆ ಕುಂತೆ. ತೆಗೆದು ತೊಳೆದು ಎರಡೂ ಕಡೆ ಒಂದೊಂದು ಹನಿ ನೀರು ಬಿಟ್ಟೆ. ಮೇಲಿನ ಅರ್ಧದಲ್ಲಿ ಹನಿ ಕೆಸುವಿನೆಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿತು. ಕೆಳಗಿನ ಅರ್ಧದಲ್ಲಿ ಹರಡಿ ತಳಕ್ಕೆ ಅಂಟಿತು. ಏನೋ ಒಂದು ಹಿಡಿದಿತ್ತು.

ಸೋಮವಾರ ಪ್ಯಾಸೆಂಜರಿನಲ್ಲಿ ಕುಂತೆ. ಪಟ್ಟಿಯನ್ನು ಬಫರಿನಲ್ಲಿ ಮುಳುಗಿಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹಿಡಿದಿದ್ದೆ. ತಾಂಡೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು, "ಮೊಸರೇನವ್ವ?" ಅಂದಳು. ಅಲ್ಲ ಅಂದೆ. "ಮತ್ತ ಬಾಣಂತಿ ಕೂಸಿನಂಗ ಹಿಡದೀಯಲ್ಲ?" ಎಂದು ನಕ್ಕಳು. ಆಕೆ ಇಳಿಯುವಾಗಲೂ ಡಬ್ಬಿಯ ಮೇಲೆ ಒಮ್ಮೆ ಕೈಯಾಡಿಸಿ ಹೋದಳು.

ಗೈಡ್ ಮೇಡಮ್ಮಿಗೆ ಏನನ್ನೂ ಮುಚ್ಚಿಡಲಿಲ್ಲ. ಕ್ಯಾನು, ಹೋರಿ, ಕಂಠಮಟ, ಟಪ್. ಅವರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. "ಅಕ್ಕ, ಇಂಥಾದ್ದು ನಿಮಗೇ ಆಗಬೇಕು!" ಆಮೇಲೆ ಕೈಗೆ ಗ್ಲೌಸು ಹಾಕಿಕೊಂಡು ನಗು ನಿಲ್ಲಿಸಿದರು. ಪಟ್ಟಿಯನ್ನು ನೇರಳಾತೀತ ದೀಪದ ಕೆಳಗಿಟ್ಟು ಶುದ್ಧ ಮಾಡಿದರು. ಮಂಗಳವಾರ ಕೋಶ ಬಿಟ್ಟರು. ನಾನು ಅವರ ಮನೆಯಲ್ಲೇ ಉಳಿದೆ. ಎರಡು ದಿನ ಅಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಅವರ ಅಡಿಗೆ ಮನೆಯ ಡಬ್ಬಿಗಳನ್ನೆಲ್ಲ ತೊಳೆದು ಒಣಗಿಸಿ ಚೀಟಿ ಅಂಟಿಸಿದೆ.

ಗುರುವಾರ ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಕುರ್ಚಿ ಬಿಟ್ಟು ಎದ್ದರು.

ನಾನು ಕುಂತೆ. ಮೇಲಿನ ಅರ್ಧದಲ್ಲಿ ಕೋಶಗಳು ನೆನೆದ ಸಾಬುದಾಣಿಯ ಹಾಗೆ ಗುಂಡಗೆ, ಒಂದಕ್ಕೊಂದು ಗುಂಪುಗೂಡಿ, ಸ್ವಲ್ಪ ಅಲುಗಿಸಿದರೂ ತೇಲುತ್ತಿದ್ದವು. ಗಾಜನ್ನು ನಿಧಾನಕ್ಕೆ ಸರಿಸಿದೆ. ನಾನು ಕೊರೆದ ಗೆರೆ ಬಂತು. ಗೆರೆ ದಾಟಿದ ಮೇಲೆ ಅವೇ ಕೋಶಗಳು ಚಪ್ಪಟೆಯಾಗಿ ಮಲಗಿದ್ದವು. ಮೈಯಿಂದ ಎಳೆ ಬಿಟ್ಟಿದ್ದವು. ಒಂದರ ಎಳೆ ಪಕ್ಕದ್ದನ್ನು ಮುಟ್ಟಿತ್ತು. ನಾನು ಬೆಳೆಸಿದ ಕರೀ ಪ್ಲಾಸ್ಟಿಕ್ಕಿನ ಮೇಲೆ ಅವು ಮನೆ ಮಾಡಿದ್ದವು. ಗೆರೆಯ ಆ ಕಡೆ, ಈ ಕಡೆ ಎಷ್ಟೋ ಸಲ ಸರಿಸಿ ಸರಿಸಿ ನೋಡಿದೆ. ಕಣ್ಣು ತುಂಬಿ ಕಾಣದಾದಾಗ ತಲೆ ಎತ್ತಿದೆ.

ಮೇಡಮ್ಮಿನ ಮುಖದಲ್ಲಿ ನಗು ಇರಲಿಲ್ಲ.

"ಅಕ್ಕ, ಆ ಬೀಜದ ನಳಿಗಿ ಕ್ಯಾನ್‌ನ್ಯಾಗ ಒಮ್ಮೊಮ್ಮೆ ಒಡೀತಾವಲ್ಲ?"

"ಒಡೀತಾವ. ಡಾಕ್ಟ್ರು ಹೇಳ್ತಿದ್ರು."

"ಬೀಜದ ಜೊತಿ ಏನೇನ್ ಕಲಸಿರ್ತಾರ?"

"ಮೊಟ್ಟಿ ಹಳದಿ, ಸಕ್ಕರಿ..." ಅಷ್ಟು ಹೇಳುವಾಗ ನನಗೇ ಹೊಳೆಯಿತು. ನಿಲ್ಲಿಸಿದೆ.

"ಮೊಟ್ಟಿ ಪ್ರೋಟೀನು. ಬೀಜದ ಪ್ರೋಟೀನು. ಕೋಶ ಅದಕ್ಕೂ ಹಿಡೀತಾವ, ಭಾಳ ಛಲೋ ಹಿಡೀತಾವ. ನೈಟ್ರೋಜನ್ ಕೂಡ ಅದು ನಿಮ್ಮ ಸೀಸ್ಯಾಗ ಇಳದಿದ್ರ? ನಿಮ್ಮ ಪೆಪ್ಟೈಡ್ ಹಿಡೀತೋ, ದೇವಣಿ ಹೋರಿ ಹಿಡೀತೋ? ಯಾರರ ಕೇಳಿದ್ರ ನಾವೇನ್ ಹೇಳೂಣು?"

ನೀರಿನ ಹನಿ ಹರಡಿದ್ದು ನೆನಪಾಯಿತು. ಏನೋ ಹಿಡಿದಿದೆ ಅಂದುಕೊಂಡಿದ್ದೆ. ಯಾವುದು ಅಂತ ಅಲ್ಲಿ ಬರೆದಿರಲಿಲ್ಲ.

ದಾರಿ ಒಂದೇ ಇತ್ತು. ಅದೇ ಕ್ಯಾನಿನ ತಳದ ದ್ರವವನ್ನು ಖಾಲಿ ಸೀಸೆಗೆ ಹಾಕಿ, ಮುಚ್ಚದೆ ಆರಲು ಬಿಟ್ಟು, ತಳದಲ್ಲಿ ಉಳಿದದ್ದನ್ನು ತರುವುದು, ಪೆಪ್ಟೈಡ್ ಇಲ್ಲದೆ ಬರೀ ಅದನ್ನೇ ಇನ್ನೊಂದು ಪೊರೆಗೆ ಸವರುವುದು, ಕೋಶ ಬಿಡುವುದು. ಅದರ ಮೇಲೆ ಕೋಶ ನಿಲ್ಲದಿದ್ದರೆ ಹಿಡಿದದ್ದು ಪೆಪ್ಟೈಡೇ. ನಿಂತರೆ ಹೋರಿ ಅಂತ ಒಪ್ಪಿಕೊಳ್ಳುವುದು. ಎರಡರಲ್ಲಿ ಯಾವುದಾದರೂ ಆಗಲಿ, ಒಂದು ಉತ್ತರವಾಗುತ್ತಿತ್ತು. ಮೇಡಂ ಕೋಣೆಯವರ ಹತ್ತಿರ ಹೋಗಿ ಬೇಡಿಕೊಂಡು, ಕೋಶದ ಒಂದು ಬಾಟಲಿಯನ್ನು ಭಾನುವಾರದ ತನಕ ಉಳಿಸಿಕೊಂಡರು. "ಜಲ್ದಿ ಹೋಗಿ ಬರ್ರಿ ಅಕ್ಕ," ಅಂದರು.

ಶುಕ್ರವಾರ ಸೇಡಂ ಸ್ಟೇಷನ್ನಿನಲ್ಲಿ ಇಳಿದು ಮನೆಗೂ ಹೋಗದೆ ನೇರ ಪಶು ಆಸ್ಪತ್ರೆಗೆ ನಡೆದೆ. ಚೀಲದಲ್ಲಿ ತೊಳೆದು ಕುದಿಸಿದ ಹೊಸ ಸೀಸೆ ಇತ್ತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮುಂದಿನ ಮೆಟ್ಟಿಲ ಮೇಲೆ ಕ್ಯಾನು ಅಡ್ಡ ಬಿದ್ದಿತ್ತು. ಅದರ ಬಾಯಿಯಿಂದ ಒಂದೆರಡು ಹನಿ ನೀರು ಸೋರಿ ಕಲ್ಲಿನ ಮೇಲೆ ಒಣಗುತ್ತಿತ್ತು. ಪಕ್ಕದಲ್ಲಿ ಸೋಪಿನ ಪುಡಿಯ ಪಾಕೀಟು, ಉದ್ದ ಹಿಡಿಕೆಯ ಬ್ರಶ್ಶು.

ಡಾಕ್ಟರು ತೋಳು ಮಡಚಿಕೊಂಡು ಹೊರಗೆ ಬಂದರು.

"ಬರ್ರಿ ಅಕ್ಕೋರೆ! ನೋಡ್ರಿ. ನಿಮಗ ಹಂಗ ಆದಾಗಿಂದ ನನಗ ನಿದ್ದಿ ಹತ್ತಿಲ್ಲ. ಇನ್ನ ಮ್ಯಾಲ ನಿಮ್ಮ ಸಾಮಾನಿಗೆ ಏನೂ ಹೊಲಸು ಹತ್ತಬಾರದು ಅಂತ, ಬೀಜದ ನಳಿಗಿ ಎಲ್ಲಾ ಚಿತ್ತಾಪುರದ ಕ್ಯಾನ್‌ಗೆ ಕಳಿಸಿ, ನಮ್ಮದು ಪೂರ್ತಿ ಖಾಲಿ ಮಾಡಿಸಿ, ತಳಾ ತಿಕ್ಕಿಸಿ ತೊಳಿಸೀನಿ. ಎಷ್ಟ್ ವರ್ಷದ ಕೊಳಿ ಇತ್ತರಿ ಅದರಾಗ! ಈಗ ಕನ್ನಡಿ ಆಗ್ಯದ."

ನಾನು ಬಾಗಿ ಕ್ಯಾನಿನ ಬಾಯಿಯೊಳಗೆ ನೋಡಿದೆ. ಖರೇನೇ ಹೊಳೆಯುತ್ತಿತ್ತು.

"ತೊಳದ ನೀರು?"

"ಗಟಾರಕ್ಕ ಹೋತ್ರಿ. ಯಾಕ್ರೀ, ಬೇಕಾಗಿತ್ತೇನು?" ಒಂದು ಗಳಿಗೆ ನನ್ನ ಮುಖ ನೋಡಿದರು. "ಕೊಳಿ ಬೇಕಂದ್ರ ಚಿತ್ತಾಪುರದ ಕ್ಯಾನ್‌ದಾಗೂ ಇರ್ತದ್ರಿ. ತರಿಸಲೇನು?"

"ಬ್ಯಾಡ್ರಿ. ಅದರಾಗ ನಮ್ಮ ಸೀಸಿ ಇರಲಿಲ್ಲ."

ಅವರಿಗೆ ಅರ್ಥ ಆಗಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಅವರು ಈ ಸಲ ಬಸ್ಸಿನ ಕಿಟಕಿಯ ತನಕವೂ ಬರುತ್ತಿರಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕುಂತುಬಿಡುತ್ತಿದ್ದರು. ನನ್ನ ಪ್ರಬಂಧ ಮುಂದೆ ಮುಗಿಯಿತು. ಅದರಲ್ಲಿ ಪೊರೆ ಇದೆ, ಬ್ಯಾಟರಿ ಇದೆ, ನೀರಿನ ಹನಿ ಇದೆ. ಗೆರೆಯ ಆ ಕಡೆ ಮಲಗಿ ಎಳೆ ಚಾಚಿದ ಕೋಶಗಳು ಇಲ್ಲ. ಅವನ್ನು ನೋಡಿದವರು ನಾವಿಬ್ಬರೇ, ಅವು ಹಿಡಿದದ್ದು ಯಾವುದನ್ನು ಎಂದು ಹೇಳಲಿಕ್ಕೆ ನಮ್ಮಿಬ್ಬರಿಗೂ ಬರುವುದಿಲ್ಲ.

"ಅಕ್ಕೋರೆ, ಅಲ್ಲಿ ಏನಾತ್ರಿ? ಹಿಡೀತೇನು?" ಆ ದಿನ ಮೆಟ್ಟಿಲ ಮೇಲೆ ನಿಂತೇ ಡಾಕ್ಟರು ಮೆಲ್ಲಗೆ ಕೇಳಿದರು.

"ಹಿಡೀತ್ರಿ."

"ಹೌದಾ!" ಅವರು ಒಳಗೆ ತಿರುಗಿ ಕಂಪೌಂಡರಿಗೆ ಕೂಗಿದರು. "ಏ, ಅಕ್ಕೋರದ್ದು ಹಿಡೀತಂತಪಾ! ಛಾ ಹೇಳು, ಖಾರಾನೂ ಹೇಳು."

ಬೆಂಚಿನ ಮೇಲೆ ಕುಂತು ಛಾ ಕುಡಿದೆ. ಕಪ್ಪು ಕೆಳಗಿಟ್ಟು, ಅವರ ಮೇಜಿನ ಮೇಲಿನ ಫೋನ್ ಕೇಳಿ ಇಸಕೊಂಡು, ಹೈದರಾಬಾದಿನ ನಂಬರ್ ತಿರುಗಿಸಿದೆ. ಮೇಡಂ ಎರಡನೇ ರಿಂಗಿಗೇ ಎತ್ತಿದರು.

"ಮೇಡಂ," ಅಂದೆ, "ಆ ಬಾಟಲಿ ಇಟ್ಟುಕೊಳ್ಳೋದು ಬ್ಯಾಡ್ರಿ. ಚೆಲ್ಲಿಬಿಡ್ರಿ."